ಆಶೀರ್ವಾದವೇ ಉಡುಗೊರೆ

ಮದುವೆ ಕರೆಯೋಲೆಯಲ್ಲಿ ಮುಹೂರ್ತ, ಛತ್ರದ ವಿಳಾಸ, ಸುಖಾಗಮನ ಬಯಸುವವರ ಪಟ್ಟಿ ಎಲ್ಲ ಮುಗಿದ ಮೇಲೆ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲಿರುತ್ತದೆ: ‘ಆಶೀರ್ವಾದವೇ ಉಡುಗೊರೆ’. ನಮ್ಮ ಮನೆಯ ತಿಂಗಳ ಲೆಕ್ಕವನ್ನು ಇಷ್ಟು ಕೆಡಿಸಿದ ಸಾಲು ಇನ್ನೊಂದಿಲ್ಲ. ನಮ್ಮನೆಯವರು ಅದನ್ನು ಹಾಗೇ ನಂಬುತ್ತಾರೆ. ಅದು ಪ್ರೆಸ್ಸಿನವನು ಜಾಗ ತುಂಬಿಸಲು ತಾನೇ ಸೇರಿಸುವ ಸಾಲು ಎಂಬುದು ನಮ್ಮತ್ತೆಯ ಖಚಿತ ಅಭಿಪ್ರಾಯ. ನಾನಂತೂ ಕವರ್ ಬ್ಯಾಗಿನೊಳಗೆ ಇಟ್ಟುಕೊಂಡೇ ಹೋಗಿ, ವೇದಿಕೆಯ ಸಾಲಿನಲ್ಲಿ ಮುಂದೆ ನಿಂತವರ ಕೈ ನೋಡಿ ತೀರ್ಮಾನಿಸುತ್ತೇನೆ.

ಒಮ್ಮೆ ನೆಂಟರೊಬ್ಬರ ಮದುವೆಯಲ್ಲಿ ಆ ಸಾಲನ್ನು ನಿಜವಾಗಿಯೂ ಮನಸ್ಸಿನಿಂದಲೇ ಹಾಕಿಸಿದ್ದರು. ನಮ್ಮ ಮುಂದೆ ಜರಿ ಶಲ್ಯ ಹೊದ್ದ ಹಿರಿಯರು. ಕವರ್ ಚಾಚಿದರು. ಮದುಮಗ ಕೈಮುಗಿದು, ‘ಬೇಡಿ ದೊಡ್ಡಪ್ಪ, ದಯವಿಟ್ಟು’ ಅಂದ. ದೊಡ್ಡಪ್ಪ ಪಕ್ಕಕ್ಕೆ ಸರಿದು, ಮಗನ ಜೇಬಿನಿಂದ ಐನೂರರ ಇನ್ನೊಂದು ನೋಟು ಎಳೆದು, ಕವರಿಗೆ ತುರುಕಿ, ಮತ್ತೆ ಬಂದು, ‘ಈಗ ತಗೋಪ್ಪ’ ಅಂದರು. ಹುಡುಗ ಇನ್ನಷ್ಟು ಗಾಬರಿಯಿಂದ ಇನ್ನಷ್ಟು ಜೋರಾಗಿ ಬೇಡವೆಂದ. ಹಿರಿಯರು ಊಟಕ್ಕೂ ನಿಲ್ಲದೆ ಹೊರಟುಹೋದರು. ಎರಡನೇ ಪಂಕ್ತಿ ಏಳುವ ಹೊತ್ತಿಗೆ, ಅವರು ಕಡಿಮೆ ಕೊಟ್ಟರಂತೆ, ಹುಡುಗನ ಕಡೆಯವರು ಮುಖದ ಮೇಲೇ ವಾಪಸ್ ಕೊಟ್ಟರಂತೆ ಎಂಬ ಸುದ್ದಿ ಕೈತೊಳೆಯುವ ಜಾಗದವರೆಗೂ ತಲುಪಿತ್ತು.

ನಮ್ಮ ಕಡೆ ಹಳ್ಳಿ ಮದುವೆಗಳಲ್ಲಿ ಈ ಗೊಂದಲವಿರಲಿಲ್ಲ. ಚಪ್ಪರದಲ್ಲಿ ಮೇಜು ಹಾಕಿಕೊಂಡು ಒಬ್ಬರು ನೋಟ್‌ಬುಕ್ ಹಿಡಿದು ಕೂರುತ್ತಿದ್ದರು. ಹೆಸರು, ಊರು, ಮುಯ್ಯಿ ಎಷ್ಟು, ಎಲ್ಲ ಬರೆದುಕೊಳ್ಳುತ್ತಿದ್ದರು. ಕೆಲವು ಕಡೆ ಮೈಕಿನಲ್ಲೂ ಕೂಗುತ್ತಿದ್ದರು. ಪೇಟೆಯವರಿಗೆ ಅದು ನಾಚಿಕೆಗೇಡು ಅನ್ನಿಸುತ್ತದೆ, ನನಗೆ ಅನ್ನಿಸುವುದಿಲ್ಲ. ಹೊಲಕ್ಕೆ ಮುಯ್ಯಾಳು ಹೋದ ಹಾಗೇ ಇದೂ: ಇವತ್ತು ನಿನ್ನ ಮನೆಗೆ, ನಾಳೆ ನನ್ನ ಮನೆಗೆ. ಕೈಯಲ್ಲಿ ಕಾಸು ಅತಿ ಹೆಚ್ಚು ಬೇಕಾಗುವ ದಿನವೇ ಊರಿಗೆ ಊರೇ ಬಡ್ಡಿಯಿಲ್ಲದೆ ಕೊಡುವ ಸಾಲ. ತೀರಿಸುವಾಗ ಸ್ವಲ್ಪ ಮೇಲೆ ಹಾಕಿ ಕೊಡಬೇಕು ಅನ್ನುವುದೊಂದೇ ಕರಾರು.

ಆ ‘ಸ್ವಲ್ಪ ಮೇಲೆ’ ಎಷ್ಟು ಅನ್ನುವುದರಲ್ಲೇ ನಮ್ಮತ್ತೆಗೂ ನಮ್ಮನೆಯವರಿಗೂ ಜಗಳ. ಅತ್ತೆಯ ಹತ್ತಿರ ಹಳೆಯ ಪುಸ್ತಕವಿದೆ. ಅದರಲ್ಲಿ 24 ವರ್ಷದ ಹಿಂದೆ 101 ರೂಪಾಯಿ ಮುಯ್ಯಿ ಮಾಡಿದವರಿಗೆ ಈಗ 251 ಕೊಟ್ಟರೆ ಧಾರಾಳವಾಯಿತು ಎಂಬುದು ಇವರ ವಾದ. ಬೆಲೆ ವರ್ಷಕ್ಕೆ ಶೇ 6ರಂತೆ ಏರುತ್ತದೆ ಎಂದಿಟ್ಟುಕೊಳ್ಳಿ, 12 ವರ್ಷಕ್ಕೆ ಎರಡರಷ್ಟು, 24ಕ್ಕೆ ನಾಲ್ಕರಷ್ಟು. ಅಂದರೆ 404 ಕೊಟ್ಟರೆ ಅಸಲು ಮಾತ್ರ ತೀರಿತು, ಮೇಲಿನದ್ದು ಇನ್ನೂ ಬಾಕಿ. ನಾನು ಮೊಬೈಲ್ ತೆಗೆದು ಇಷ್ಟು ಲೆಕ್ಕ ಹಾಕುವಷ್ಟರಲ್ಲಿ ಅತ್ತೆ, ‘ಆಗ ನೂರೊಂದಕ್ಕೆ ಎಷ್ಟು ತೆಂಗಿನಕಾಯಿ ಬರ್ತಿತ್ತೋ, ಅಷ್ಟು ಕಾಯಿಗೆ ಈಗ ಎಷ್ಟಾಗುತ್ತೋ ಅದನ್ನ ಕೊಡ್ರೋ’ ಅಂದುಬಿಟ್ಟರು.

ಇನ್ನು ಮದುವೆ ಮುಗಿದ ಮನೆಯವರದ್ದು ಬೇರೆ ನಾಟಕ. ‘ಇಷ್ಟೊಂದು ಕವರ್ ಬಂದಿದೆ, ಇನ್‌ಕಮ್ ಟ್ಯಾಕ್ಸ್‌ನವರು ಏನಂತಾರೋ’ ಎಂದು ಆತಂಕದ ದನಿಯಲ್ಲಿ ಜಂಬ ಕೊಚ್ಚುತ್ತಾರೆ. ಸಮಾಧಾನ ಮಾಡಿಕೊಳ್ಳಲಿ: ಮದುವೆಯ ಸಂದರ್ಭದಲ್ಲಿ ವಧು–ವರರಿಗೆ ಬಂದ ಉಡುಗೊರೆಗೆ ಆದಾಯ ತೆರಿಗೆಯಿಲ್ಲ, ಕೊಟ್ಟವರು ನೆಂಟರಾದರೂ ಸರಿ, ಸ್ನೇಹಿತರಾದರೂ ಸರಿ. ಆದರೆ ಈ ವಿನಾಯಿತಿ ಹುಡುಗಿಯ ಅಪ್ಪನಿಗಿಲ್ಲ. ಗೃಹಪ್ರವೇಶಕ್ಕೂ ಹುಟ್ಟುಹಬ್ಬಕ್ಕೂ ಇಲ್ಲ. ಅಲ್ಲಿ ನೆಂಟರಲ್ಲದವರಿಂದ ವರ್ಷಕ್ಕೆ ಒಟ್ಟು 50,000 ರೂಪಾಯಿ ದಾಟಿದರೆ ಅಷ್ಟೂ ಹಣ ಆದಾಯಕ್ಕೆ ಸೇರುತ್ತದೆ, ದಾಟಿದ ಭಾಗ ಮಾತ್ರವಲ್ಲ. ಇನ್ನು ಒಂದೇ ಸಮಾರಂಭಕ್ಕೆ ಒಬ್ಬರಿಂದಲೇ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವಂತೆಯೇ ಇಲ್ಲ. 2017ರಿಂದ ಜಾರಿಯಲ್ಲಿರುವ ನಿಯಮ ಇದು. ತಗೊಂಡರೆ ತಗೊಂಡಷ್ಟೇ ದಂಡ. ನಮ್ಮ ನೆಂಟರಲ್ಲಿ ಯಾರಿಗೂ ಈ ಭಯ ಬೇಕಿಲ್ಲ.

ನನ್ನ ವ್ಯವಸ್ಥೆ ಸರಳ. ಮುಯ್ಯಿಗೆಂದೇ ಬ್ಯಾಂಕಿನಲ್ಲಿ ಸಣ್ಣದೊಂದು ಆರ್‌ಡಿ ಇದೆ. ಆಷಾಢ, ಧನುರ್ಮಾಸದಲ್ಲಿ ಮದುವೆಗಳಿಲ್ಲ. ಮಾಘದಿಂದ ಶುರುವಾದರೆ ಉಸಿರಾಡಲು ಬಿಡುವುದಿಲ್ಲ. ಸಂಬಳವೊಂದನ್ನೇ ನಂಬಿದರೆ ವೈಶಾಖದಲ್ಲಿ ಕವರ್ ಇರುತ್ತದೆ, ಒಳಗೆ ಹಾಕಲು ಏನೂ ಇರುವುದಿಲ್ಲ.

ವಸ್ತು ಕೊಡುವವರ ಕಥೆಯೇ ಬೇರೆ. ಹಿಂದೆ ಸ್ಟೀಲ್ ಕೊಡಕ್ಕೆ ಕೊಟ್ಟವರ ಹೆಸರು ಕೊರೆಸುತ್ತಿದ್ದರು. ಪ್ರೀತಿ ಇರಬಹುದು, ಆದರೆ ಅದನ್ನು ಇನ್ನೊಂದು ಮದುವೆಗೆ ದಾಟಿಸದ ಹಾಗೆ ಹಾಕಿದ ಬೀಗವೂ ಹೌದು. ಈಗಿನ ಗೋಡೆ ಗಡಿಯಾರಗಳಿಗೆ ಬೀಗವಿಲ್ಲ, ಮದುವೆಯಿಂದ ಮದುವೆಗೆ ಸುತ್ತುತ್ತಲೇ ಇರುತ್ತವೆ.

ನಾದಿನಿಯ ಮದುವೆಗೆ ಒಂದು ಮನೆಯವರು ಕೆಂಪು ಮಖಮಲ್ ಪೆಟ್ಟಿಗೆಯಲ್ಲಿ ಥಳಥಳಿಸುವ ತಟ್ಟೆ ಕೊಟ್ಟಿದ್ದರು. ಅತ್ತೆ ಪುಸ್ತಕದಲ್ಲಿ ‘ಬೆಳ್ಳಿ ತಟ್ಟೆ – 1’ ಎಂದು ಬರೆದು ಬೀರುವಿನಲ್ಲಿ ಭದ್ರಪಡಿಸಿದ್ದರು. ಈಗ ಆ ಮನೆಯ ಮಗಳ ಮದುವೆ. ‘ಬೆಳ್ಳಿಗೆ ಬೆಳ್ಳಿನೇ ಕೊಡಬೇಕು, ಒಂಚೂರು ಜಾಸ್ತಿನೇ’ ಅಂದರು ಅತ್ತೆ. ಬೆಳ್ಳಿಯ ಬೆಲೆ ನೆನೆದು ನನಗೆ ಆರ್‌ಡಿ ಕಣ್ಣಮುಂದೆ ಬಂತು. ಎಷ್ಟು ಗ್ರಾಂ ಎಂದು ತಿಳಿಯೋಣವೆಂದು ತಟ್ಟೆ ಹಿಡಿದು ಇಬ್ಬರೂ ಅಂಗಡಿಗೆ ಹೋದೆವು. ಅಂಗಡಿಯವರು ತಕ್ಕಡಿಗೆ ಇಡಲೇ ಇಲ್ಲ. ಬೆರಳಿನಿಂದ ಒಮ್ಮೆ ತಟ್ಟಿ, ‘ಅಮ್ಮ, ಇದು ಜರ್ಮನ್ ಸಿಲ್ವರ್’ ಅಂದರು.

‘ಜರ್ಮನಿದಾ? ಹಾಗಾದ್ರೆ ನಮ್ಮ ಬೆಳ್ಳಿಗಿಂತ ಜಾಸ್ತಿನೇ ಆಗುತ್ತೇನೋ!’

ತಾಮ್ರ, ನಿಕ್ಕಲ್, ಸತು ಸೇರಿಸಿ ಮಾಡಿದ್ದು, ಬೆಳ್ಳಿ ಗುಲಗಂಜಿಯಷ್ಟೂ ಇರುವುದಿಲ್ಲ ಎಂದು ಅವರು ಸಾವಧಾನವಾಗಿ ವಿವರಿಸಿದರು. ಅತ್ತೆ ಸ್ವಲ್ಪ ಹೊತ್ತು ತಟ್ಟೆಯನ್ನೇ ನೋಡಿದರು. ಆಮೇಲೆ, ‘ಇಂಥದ್ದೇ ಇನ್ನೊಂದು ಕೊಡಿ, ಒಂಚೂರು ದೊಡ್ಡದು. ಪೆಟ್ಟಿಗೆ ಮಾತ್ರ ಇನ್ನೂ ಚೆನ್ನಾಗಿರಲಿ’ ಅಂದರು. ಹೊರಗೆ ಬಂದ ಮೇಲೆ ನಾನು, ‘ಅವರಿಗೆ ಗೊತ್ತಾದ್ರೆ ಅತ್ತೆ?’ ಅಂದೆ.

‘ಗೊತ್ತಿಲ್ದೆ ಕೊಟ್ಟಿದ್ರಾ ಅವರು? ಗೊತ್ತಿಲ್ದೆ ಕೊಟ್ಟಿದ್ರೆ ಇದನ್ನೂ ಬೆಳ್ಳಿ ಅಂತಲೇ ಬರ್ಕೋತಾರೆ, ಬಿಡಮ್ಮ.’