ಕುಂಡದಲ್ಲಿ ಓಕ್ ಮರ

ನಮ್ಮ ಕೊಡಗು, ಚಿಕ್ಕಮಗಳೂರುಗಳ ಕಾಫಿತೋಟಗಳಲ್ಲಿ ನೆರಳಿಗೆಂದು ಬೆಳೆಸುವ ಸಿಲ್ವರ್ ಓಕ್ ಮರವನ್ನು ನೋಡದವರು ವಿರಳ. ಆದರೆ ಅದು ಹೆಸರಿಗೆ ಮಾತ್ರ ಓಕ್. ಆಸ್ಟ್ರೇಲಿಯದಿಂದ ಬಂದ ಆ ಮರ ಬೇರೆಯೇ ಒಂದು ಸಸ್ಯಕುಟುಂಬಕ್ಕೆ ಸೇರಿದೆ. ನಿಜವಾದ ಓಕ್ ಜಾತಿಗಳು ಭಾರತದಲ್ಲಿ ಹಿಮಾಲಯದ ಇಳಿಜಾರುಗಳಲ್ಲಿಯೂ ಈಶಾನ್ಯದ ಬೆಟ್ಟಗಳಲ್ಲಿಯೂ ಬೆಳೆಯುತ್ತವೆ. ನಮ್ಮ ಸಹ್ಯಾದ್ರಿಯಲ್ಲಿ ಅವು ಸಹಜವಾಗಿ ಕಂಡುಬರುವುದಿಲ್ಲ. ಈ ಲೇಖನದ ವಿಷಯ ಇಂಗ್ಲೆಂಡಿನ ಸಾಮಾನ್ಯ ಓಕ್. ಸಸ್ಯಶಾಸ್ತ್ರಜ್ಞರು ಇದಕ್ಕೆ ಕ್ವೆರ್ಕಸ್ ರೋಬರ್ ಎಂದು ಹೆಸರಿಟ್ಟಿದ್ದಾರೆ.

ಶರತ್ಕಾಲದಲ್ಲಿ ಈ ಮರದಡಿಯಲ್ಲಿ ಬಿದ್ದ ಕಾಯಿಗಳನ್ನು ಆಯ್ದು ತಂದು ಕುಂಡದಲ್ಲಿ ಊರಿ, ಕಿಟಕಿಯ ಬಳಿ ಇಡುವುದು ಆ ದೇಶದಲ್ಲಿ ಮಕ್ಕಳಿಗೂ ಹಿರಿಯರಿಗೂ ಪ್ರಿಯವಾದ ಹವ್ಯಾಸ. ಸಸಿ ಚೆನ್ನಾಗಿಯೇ ಹುಟ್ಟುತ್ತದೆ. ಮೊದಲ ಬೇಸಗೆಯಲ್ಲಿ ಹಸಿರೆಲೆಗಳನ್ನು ಹೊತ್ತು ನಿಂತು ಮನೆಯವರನ್ನು ನಲಿಸುತ್ತದೆ. ಆದರೆ ಬೆಚ್ಚಗಿನ ಕೋಣೆಯಲ್ಲಿಯೇ ಒಂದೆರಡು ವರ್ಷ ಕಳೆಯುವುದರೊಳಗೆ ಅನೇಕ ಸಸಿಗಳು ಸೊರಗುತ್ತವೆ. ನೀರು ಹಾಕಿದ್ದಾಗಿದೆ, ಗೊಬ್ಬರ ಕೊಟ್ಟದ್ದಾಗಿದೆ, ಹಿಮ ತಾಗದಂತೆ ಕಾಪಾಡಿದ್ದಾಗಿದೆ. ಐನೂರು ವರ್ಷಗಳಿಗೂ ಮಿಕ್ಕಿ ಬಾಳಬಲ್ಲ ಮರ ಇಷ್ಟೆಲ್ಲ ಆರೈಕೆಯ ನಡುವೆ ಸಾಯುವುದೇಕೆ?

ಬೇರಿನ ಸ್ವಭಾವ

ಮೊದಲು ಕಾಯನ್ನೇ ಪರೀಕ್ಷಿಸೋಣ. ಭತ್ತ, ರಾಗಿಗಳನ್ನು ಒಣಗಿಸಿ ಕಣಜದಲ್ಲಿಡುವಂತೆ ಓಕಿನ ಕಾಯನ್ನು ಒಣಗಿಸಿಡಲಾಗದು. ಒಳಗಿನ ತೇವ ಆರಿದರೆ ಅದರ ಜೀವವೂ ಹೋಗುತ್ತದೆ. ಆದುದರಿಂದ ಅದನ್ನು ಬೇಗನೆ ಬಿತ್ತಬೇಕು, ಇಲ್ಲವೆ ತೇವವಾದ ಮರಳಿನಲ್ಲಿ ತಂಪಾಗಿ ಇಡಬೇಕು. ಮೊಳೆಯುವಾಗ ಮೊದಲು ಹೊರಬರುವುದು ಬೇರು. ದಪ್ಪನಾದ ಎರಡು ಬೀಜದಳಗಳು ಮಣ್ಣಿನೊಳಗೇ ಉಳಿದು ಸಸಿಗೆ ಆಹಾರ ಒದಗಿಸುತ್ತವೆ. ಆ ಬಂಡವಾಳದಿಂದ ತಾಯಿಬೇರು ನೇರವಾಗಿ ಕೆಳಗಿಳಿಯುತ್ತದೆ. ಮೇಲೆ ಗೇಣುದ್ದದ ಸಸಿಯಿರುವಾಗ ಕೆಳಗೆ ಅದಕ್ಕಿಂತ ಉದ್ದನೆಯ ಬೇರು ಇರುವುದುಂಟು.

ಇದರಿಂದ ಎರಡು ಪಾಠಗಳು ದೊರೆಯುತ್ತವೆ. ಕುಂಡ ಅಗಲಕ್ಕಿಂತ ಆಳವಾಗಿರಬೇಕು. ಆಳವಿಲ್ಲದಿದ್ದರೆ ಬೇರು ತಳವನ್ನು ಮುಟ್ಟಿ ಸುರುಳಿ ಸುತ್ತಿಕೊಳ್ಳುತ್ತದೆ. ಎರಡು ಮೂರು ವರ್ಷಗಳಿಗೊಮ್ಮೆ, ಚಳಿಗಾಲದ ಕೊನೆಯಲ್ಲಿ, ಮೊಗ್ಗು ಬಿರಿಯುವ ಮುನ್ನ ಸಸಿಯನ್ನು ಹೊರತೆಗೆದು, ಸುತ್ತಿಕೊಂಡ ಬೇರುಗಳನ್ನು ಕತ್ತರಿಸಿ, ಹೊಸ ಮಣ್ಣಿನಲ್ಲಿ ನೆಡಬೇಕು.

ನೀರಿನ ವಿಷಯದಲ್ಲಿಯೂ ಎಚ್ಚರ ಬೇಕು. ಬೇರುಗಳೂ ಉಸಿರಾಡುತ್ತವೆ. ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಮಣ್ಣಿನ ಕಣಗಳ ನಡುವಣ ಎಡೆಗಳಲ್ಲಿ ಸದಾ ನೀರು ನಿಂತರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಕುಂಡದ ತಳದಲ್ಲಿ ರಂಧ್ರವಿರಲಿ. ಮೇಲ್ಮಣ್ಣು ಬೆರಳಿಗೆ ಒಣಗಿದಂತೆ ತೋರಿದ ಮೇಲೆಯೇ ನೀರು ಹಾಕಬೇಕು.

ಕಣ್ಣಿನ ಮೋಸ

ಕೋಣೆಯಲ್ಲಿ ಬೇಕಾದಷ್ಟು ಬೆಳಕಿದೆಯೆಂದು ನಾವು ಭಾವಿಸುತ್ತೇವೆ. ಇದು ಕಣ್ಣು ಮಾಡುವ ಮೋಸ. ನಿರಭ್ರವಾದ ಮಧ್ಯಾಹ್ನದ ಬಿಸಿಲು ಸುಮಾರು 1,00,000 ಲಕ್ಸ್ ಪ್ರಕಾಶವನ್ನು ನೀಡಿದರೆ, ಚೆನ್ನಾಗಿ ಬೆಳಗಿದ ಕೋಣೆಯಲ್ಲಿ ಇರುವುದು ಕೆಲವು ನೂರು ಲಕ್ಸ್ ಮಾತ್ರ. ಕಣ್ಣಿನ ಪಾಪೆ ಹಿಗ್ಗಿ, ಅಕ್ಷಿಪಟಲ ಹೊಂದಿಕೊಂಡು, ಈ ಅಂತರ ನಮ್ಮ ಅರಿವಿಗೆ ಬಾರದಂತೆ ಮಾಡುತ್ತವೆ. ಎಲೆಗೆ ಅಂತಹ ಉಪಾಯವಿಲ್ಲ. ಅದು ತಯಾರಿಸುವ ಸಕ್ಕರೆ ಅದಕ್ಕೆ ದೊರೆತ ಬೆಳಕನ್ನು ಅವಲಂಬಿಸಿದೆ. ಬೆಳಕು ಸಾಲದ ಸಸಿ ಉದ್ದವಾಗಿ, ಬಡಕಲಾಗಿ, ಕಿಟಕಿಯತ್ತ ವಾಲಿ ಬೆಳೆಯುತ್ತದೆ. ಆದುದರಿಂದ ಕುಂಡವನ್ನು ಅತಿ ಹೆಚ್ಚು ಬಿಸಿಲು ಬೀಳುವ ಕಿಟಕಿಯಲ್ಲಿಡಬೇಕು. ಇಂಗ್ಲೆಂಡಿನಲ್ಲಿ ಅದು ದಕ್ಷಿಣದ ಕಿಟಕಿ. ಬೇಸಗೆಯಲ್ಲಿ ಹೊರಗಿಡುವುದು ಇನ್ನೂ ಉತ್ತಮ. ಆದರೆ ಒಳಗಿನ ಎಲೆ ಒಮ್ಮೆಲೇ ಕಡುಬಿಸಿಲಿಗೆ ಸಿಕ್ಕಿದರೆ ಸುಡುವುದರಿಂದ, ಒಂದೆರಡು ವಾರ ನೆರಳಿನಲ್ಲಿಟ್ಟು ರೂಢಿ ಮಾಡಿಸಬೇಕು.

ಓಕ್ ಒಂದೇ ಸಮನೆ ಬೆಳೆಯುವ ಮರವಲ್ಲ. ಒಮ್ಮೆ ಚಿಗುರಿ, ಕೆಲವು ವಾರ ನಿಂತು, ಮತ್ತೆ ಚಿಗುರುತ್ತದೆ. ಬೆಳಕನ್ನೂ ಉಷ್ಣತೆಯನ್ನೂ ಏಕರೀತಿಯಲ್ಲಿಟ್ಟರೂ ಈ ಲಯ ತಪ್ಪುವುದಿಲ್ಲ. ಅದು ವಿರಮಿಸಿದಾಗ ರೋಗವೆಂದು ಬಗೆದು ಗೊಬ್ಬರ ಸುರಿಯಬಾರದು.

ಚಳಿಯ ಅಗತ್ಯ

ಈಗ ಮುಖ್ಯ ವಿಷಯಕ್ಕೆ ಬರೋಣ. ಶೀತದೇಶದ ಮರಗಳು ಶರತ್ಕಾಲದಲ್ಲಿ ಹಗಲು ಕಿರಿದಾಗುವುದನ್ನು ಅರಿತು ಬೆಳವಣಿಗೆಯನ್ನು ನಿಲ್ಲಿಸುತ್ತವೆ, ಮೊಗ್ಗುಗಳನ್ನು ಗಟ್ಟಿಯಾದ ಪೊರೆಗಳಲ್ಲಿ ಮುಚ್ಚಿಕೊಳ್ಳುತ್ತವೆ. ಇದು ಸುಪ್ತಾವಸ್ಥೆ. ಚಳಿ ತೊಲಗಿದ ಕೂಡಲೆ ಮೊಗ್ಗು ತಾನಾಗಿ ಬಿರಿಯುವುದೆಂದೂ, ಬೆಚ್ಚಗಿಟ್ಟ ಗಿಡಕ್ಕೆ ಚಳಿಯ ಹಂಗೇ ಇಲ್ಲವೆಂದೂ ತೋರಬಹುದು. ಸತ್ಯ ಇದಕ್ಕೆ ವಿರುದ್ಧವಾಗಿದೆ.

ಅಮೆರಿಕದ ಕೃಷಿ ಇಲಾಖೆಯ ಸಸ್ಯಶಾಸ್ತ್ರಜ್ಞ ಫ್ರೆಡರಿಕ್ ಕೋವಿಲ್ ಬ್ಲೂಬೆರಿ ಗಿಡಗಳ ಮೇಲೆ ನಡೆಸಿದ ಪ್ರಯೋಗಗಳನ್ನು 1920ರಲ್ಲಿ ಪ್ರಕಟಿಸಿದನು. ಬೆಚ್ಚಗಿನ ಗಾಜಿನಮನೆಯಲ್ಲಿ ಚಳಿಗಾಲವನ್ನು ಕಳೆದ ಗಿಡಗಳು ವಸಂತ ಬಂದರೂ ಚಿಗುರದೆ ಮರಗಟ್ಟಿ ನಿಂತವು. ಚಳಿಯನ್ನು ಅನುಭವಿಸಿದ ಗಿಡಗಳು ಸೊಂಪಾಗಿ ಚಿಗುರಿದವು. ಬೆಚ್ಚಗಿನ ಮನೆಯೊಳಗಿದ್ದ ಗಿಡವೊಂದರ ಕೊಂಬೆಯನ್ನು ರಂಧ್ರದ ಮೂಲಕ ಹೊರಗಿನ ಚಳಿಗೆ ಚಾಚಿದಾಗ, ವಸಂತದಲ್ಲಿ ಆ ಕೊಂಬೆಯೊಂದೇ ಚಿಗುರಿತು. ಒಂದೇ ಬೇರು, ಒಂದೇ ಕಾಂಡ; ಆದರೂ ಒಂದು ಕೊಂಬೆ ಪಡೆದ ಚಳಿಯ ಫಲ ಇನ್ನೊಂದಕ್ಕೆ ದಕ್ಕಲಿಲ್ಲ. ಚಳಿಯ ಲೆಕ್ಕವನ್ನು ಪ್ರತಿಯೊಂದು ಮೊಗ್ಗೂ ತಾನೇ ಇಡುತ್ತದೆಯೆಂದು ಇದರಿಂದ ತಿಳಿಯುತ್ತದೆ.

ಇದರ ಒಳಮರ್ಮ ಈಚೆಗೆ ಸ್ಪಷ್ಟವಾಗತೊಡಗಿದೆ. 1960ರ ದಶಕದಲ್ಲಿ ಕಂಡುಹಿಡಿದ ಅಬ್ಸಿಸಿಕ್ ಆಮ್ಲವೆಂಬ ಸಸ್ಯರಸವು ಮೊಗ್ಗಿನ ಜೀವಕೋಶಗಳ ನಡುವಣ ಸೂಕ್ಷ್ಮನಾಳಗಳು ಮುಚ್ಚುವಂತೆ ಮಾಡುತ್ತದೆಯೆಂದು, ಆಸ್ಪೆನ್ ಮರದ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ನಾಳಗಳು ಮುಚ್ಚಿರುವವರೆಗೆ ಬೆಳೆಯೆಂಬ ಸಂದೇಶ ಮೊಗ್ಗಿನ ಒಳಗನ್ನು ಮುಟ್ಟದು. ದೀರ್ಘಕಾಲದ ಚಳಿಯೇ ಆ ಬಿರಡೆಗಳನ್ನು ಕರಗಿಸುತ್ತದೆ.

ಓಕ್ ಸಸಿಯ ಪಾಡೂ ಹೀಗೆಯೇ. ವರ್ಷವಿಡೀ ಬೆಚ್ಚಗಿನ ಕೋಣೆಯಲ್ಲಿಟ್ಟರೆ ಅದರ ಮೊಗ್ಗುಗಳು ತಡವಾಗಿ, ಅಲ್ಲೊಂದು ಇಲ್ಲೊಂದು ಬಿರಿಯುತ್ತವೆ. ಕೂಡಿಟ್ಟ ಆಹಾರ ಮಂದಬೆಳಕಿನಲ್ಲಿ ವ್ಯರ್ಥವಾಗಿ ಕರಗುತ್ತದೆ. ಆದುದರಿಂದ ಶರತ್ಕಾಲದಲ್ಲಿ ಕುಂಡವನ್ನು ಹೊರಗಿಡಬೇಕು. ಅದು ಸಾಧ್ಯವಿಲ್ಲದಿದ್ದರೆ, ಕಾಯಿಸದ ಕೊಟ್ಟಿಗೆಯಲ್ಲಿ ಸೊನ್ನೆಗೂ 7 ಡಿಗ್ರಿ ಸೆಲ್ಸಿಯಸಿಗೂ ನಡುವಣ ತಂಪಿನಲ್ಲಿ ಎರಡು ಮೂರು ತಿಂಗಳು ಮಲಗಿಸಬೇಕು. ಎಲೆ ಬಿದ್ದ ಗಿಡಕ್ಕೆ ಆಗ ಕತ್ತಲೆಯಿಂದ ಬಾಧೆಯಿಲ್ಲ. ಮಣ್ಣು ಪೂರ್ಣ ಒಣಗದಿದ್ದರೆ ಸಾಕು. ಹೊರಗಿಟ್ಟ ಕುಂಡಕ್ಕೆ ಒಂದು ರಕ್ಷಣೆ ಅಗತ್ಯ: ಕೊಂಬೆಗಳಷ್ಟು ಹಿಮವನ್ನು ಬೇರು ತಾಳದು, ನೆಲದಾಳದ ಬೆಚ್ಚನೆಯ ಆಸರೆ ಕುಂಡದಲ್ಲಿಲ್ಲ. ಕುಂಡವನ್ನು ಗೋಣಿಯಿಂದ ಸುತ್ತಬೇಕು, ಇಲ್ಲವೆ ನೆಲದಲ್ಲಿ ಹೂಳಬೇಕು. ಜಪಾನಿನಲ್ಲಿ ಕುಂಡದ ಕುಬ್ಜವೃಕ್ಷಗಳು ತಲೆಮಾರುಗಳ ಕಾಲ ಬಾಳುತ್ತವೆಂದು ಕೇಳುತ್ತೇವೆ. ಅವುಗಳ ವಾಸವೂ ಬಯಲಿನಲ್ಲಿಯೇ. ಮನೆಯೊಳಗೆ ಬರುವುದು ಪ್ರದರ್ಶನದ ಕೆಲವು ದಿನ ಮಾತ್ರ.

ಎಳೆಯ ಓಕಿನ ಕಂದುಬಣ್ಣದ ಒಣಎಲೆಗಳು ಕೆಲವೊಮ್ಮೆ ಚಳಿಗಾಲವಿಡೀ ಉದುರದೆ ನಿಲ್ಲುತ್ತವೆ. ಅದನ್ನು ಕಂಡು ಸಸಿ ಸತ್ತಿತೆಂದು ಎಸೆಯಬಾರದು. ತೊಗಟೆಯನ್ನು ಉಗುರಿನಿಂದ ಮೆಲ್ಲನೆ ಕೆರೆದು ನೋಡಿದಾಗ ಒಳಗೆ ಹಸಿರು ತೋರಿದರೆ ಜೀವವಿದೆಯೆಂದು ತಿಳಿಯಬೇಕು.

ನಮ್ಮ ಕಾಡುಗಳ ತೇಗ, ಮುತ್ತುಗಗಳೂ ಎಲೆ ಉದುರಿಸುತ್ತವೆ. ಆದರೆ ಅವು ಅಂಜುವುದು ಬೇಸಗೆಯ ನೀರಿನ ಅಭಾವಕ್ಕೆ. ಬೆಂಗಳೂರಿನ ಚಳಿಗಾಲದ ರಾತ್ರಿ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ ಈ ಓಕಿಗೆ ಬೇಕಾದ ಚಳಿ ಇಲ್ಲಿ ದೊರೆಯದು. ಒಂದು ಗಿಡವನ್ನು ಸಾಕಲು ಹೊರಟವರು ನಮಗೆ ಹಿತವಾದದ್ದೇ ಅದಕ್ಕೂ ಹಿತವೆಂದು ಎಣಿಸದೆ, ಅದು ಹುಟ್ಟಿದ ನಾಡಿನ ಋತುಗಳನ್ನು ಮೊದಲು ವಿಚಾರಿಸುವುದು ಲೇಸು.