ನಿಮ್ಮ ಸ್ಮಾರ್ಟ್‌ವಾಚ್ ಯಾವ ಮಾಡೆಲ್?

ನಮ್ಮ ಭಾಯಿಜಾನ್ ನನ್ನನ್ನೂ ಕರೆದುಕೊಂಡು ಹೋಗಿ ಸೆಕೆಂಡ್ ಹ್ಯಾಂಡ್ ಸ್ಯಾಮ್‌ಸಂಗ್ ವಾಚ್ ತಂದರು. ಡಬ್ಬಿಯ ಮೇಲೆ ‘ಗ್ಯಾಲಕ್ಸಿ ವಾಚ್5’ ಎಂದಿತ್ತು, ಹಣವನ್ನೂ ಅದಕ್ಕೇ ಕೊಟ್ಟರು. ಆದರೆ ಡಬ್ಬಿ ಬೇರೆ ವಾಚಿನದೂ ಇರಬಹುದು. ಬ್ಲೂಟೂತ್‌ನಲ್ಲಿ ಕಾಣುವ ಹೆಸರನ್ನೂ ಬದಲಿಸಬಹುದು. ನೋಡಬೇಕಾದದ್ದು ಮಾಡೆಲ್ ಸಂಖ್ಯೆ. ವಾಚಿನ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ವಾಚ್’ ಒತ್ತಿ. ಹಿಂಬದಿಯಲ್ಲೂ ಇರುತ್ತದೆ, ಆದರೆ ಅಕ್ಷರ ಎಷ್ಟು ಸಣ್ಣವೆಂದರೆ ಮೊಬೈಲ್‌ನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿಯೇ ಓದಬೇಕು. ‘ಎಸ್‌ಎಂ-ಆರ್’ ಆದಮೇಲೆ 860 ಅಥವಾ 870 ಇದ್ದರೆ ವಾಚ್4. 900 ಅಥವಾ 910 ಇದ್ದರೆ ವಾಚ್5. ಇವುಗಳ ಕೊನೆಯಲ್ಲಿ ಸೊನ್ನೆಯ ಬದಲು 5 ಇದ್ದರೆ ಎಲ್‌ಟಿಇ ಇರುವ ವಾಚ್.

ಭಾಯಿಜಾನರದು 870. ವೋಚರ್ ಇಲ್ಲದೆ ಲೆಕ್ಕ ಬರೆಯಬಾರದು ಎಂದು ಅಕೌಂಟೆನ್ಸಿಯಲ್ಲಿ ಓದಿದ್ದ ನಾನು, ಪಕ್ಕದಲ್ಲೇ ನಿಂತಿದ್ದರೂ ಬಿಲ್ ಕೇಳಿರಲಿಲ್ಲ.