ಕಾದಂಬರಿಯ ಮನೆಯಲ್ಲಿ ದುಡಿಯುವವರು ಯಾರು?

ವಾಚನಾಲಯದ ಬಂಧುಗಳು ಕಾದಂಬರಿಯನ್ನು ಹಿಂತಿರುಗಿಸುವಾಗ ‘ಚೆನ್ನಾಗಿದೆ’ ಅಥವಾ ‘ಬೇಸರ’ ಎಂದಷ್ಟೇ ಹೇಳಿ ಹೋಗುವುದುಂಟು. ಏಕೆಂದು ಕೇಳಿದರೆ ಉತ್ತರ ದೊರೆಯುವುದು ಕಷ್ಟ. ನಮಗೆ ತಿಳಿದ ಒಂದು ಉಪಾಯವನ್ನು ಇಲ್ಲಿ ಅರಿಕೆ ಮಾಡುತ್ತೇವೆ. ಕಥೆಯ ಮನೆಯಲ್ಲಿ ದುಡಿಯುವವರು ಯಾರು, ಉಣ್ಣುವವರು ಯಾರು ಎಂದು ಕೇಳಿಕೊಂಡು ಓದಬೇಕು. ಗಿರಣಿಯ ಕಾರಕೂನನಿಗೆ ಬೇರಾವ ಪ್ರಶ್ನೆ ಹೊಳೆದೀತು ಎಂದು ನಗುವವರು ನಗಲಿ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಬೆಂಗಳೂರಿನ ಒಂದು ಕುಟುಂಬದ ಕಥೆ. ನೀಳ್ಗತೆಯೆನ್ನಿ, ಕಿರುಕಾದಂಬರಿಯೆನ್ನಿ. ತಂದೆ ಚಹಾಪುಡಿ ಮಾರುವ ಸೇಲ್ಸ್‌ಮನ್. ಇರುವೆ ಮುತ್ತುವ ಸಣ್ಣ ಮನೆ; ಸಂಜೆ ಲೆಕ್ಕ ಹೊಂದದಿದ್ದರೆ ಮನೆಯವರಿಗೆಲ್ಲ ಕಳವಳ. ರೋಜಮೇಳದಲ್ಲಿ ತಪ್ಪು ಹುಡುಕಿ ದಣಿದವರಿಗೆ ಆ ಪುಟಗಳ ಸತ್ಯ ಬೇಗನೆ ತಿಳಿಯುತ್ತದೆ. ಮುಂದೆ ಚಿಕ್ಕಪ್ಪ ‘ಸೋನಾ ಮಸಾಲ’ ವ್ಯಾಪಾರ ಹೂಡಿ ಹಣ ಬರತೊಡಗಿದ ಮೇಲೆ ಎಲ್ಲರೂ ಅವನ ದುಡಿಮೆಯ ಮೇಲೆ ನಿಲ್ಲುತ್ತಾರೆ. ಕಥೆ ಹೇಳುವ ಮಗ ಹೆಸರಿಗೆ ಡೈರೆಕ್ಟರು, ಪಗಾರವುಂಟು, ಕೆಲಸವಿಲ್ಲ. ಚಿಕ್ಕಪ್ಪನನ್ನು ಹುಡುಕಿಕೊಂಡು ಬಾಗಿಲಿಗೆ ಬಂದ ಹೆಂಗಸನ್ನು ಮನೆಯವರು ಬೈದು ಓಡಿಸುವ ಪ್ರಸಂಗವೇ ಈ ಪುಸ್ತಕದ ತಿರುಳೆಂದು ನಮ್ಮ ಅಭಿಪ್ರಾಯ. ಅವಳಿಗೆ ಅನ್ಯಾಯವಾಗುತ್ತಿದೆಯೆಂದು ನುಡಿಯುವವಳು ಹೊರಗಿನಿಂದ ಬಂದ ಸೊಸೆ ಅನಿತಾ ಒಬ್ಬಳೇ. ಉಳಿದವರು ಕೆಟ್ಟವರೆಂದಲ್ಲ, ಅನ್ನದಾತನನ್ನು ಕೇಳುವ ಬಾಯಿ ಅವರಿಗೆ ಉಳಿದಿಲ್ಲ.

ಕೊನೆಯನ್ನು ಬಿಡಿಸಿ ಹೇಳಿಲ್ಲವೆಂದು ದೂರುವವರಿದ್ದಾರೆ. ಹೇಳಿದ್ದರೆ ಕೆಡುತ್ತಿತ್ತು. ಮನೆಯವರು ಕೇಳಲು ಅಂಜುವ ಪ್ರಶ್ನೆಗೆ ಗ್ರಂಥಕರ್ತರೇ ಉತ್ತರ ಕೊಟ್ಟುಬಿಟ್ಟರೆ ಆ ಅಂಜಿಕೆ ಓದುವವನನ್ನು ತಟ್ಟುವುದು ಹೇಗೆ? ಇರುವೆಗಳನ್ನು ಆ ಮನೆಯಲ್ಲಿ ಕೊಲ್ಲುತ್ತಿದ್ದ ಬಗೆಯನ್ನು ಇನ್ನೊಮ್ಮೆ ಓದಿ, ಆಮೇಲೆ ಕೊನೆಯ ಪುಟಕ್ಕೆ ಬನ್ನಿರಿ.

ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ಇದಕ್ಕೆ ತೀರ ಬೇರೆ, ದೊಡ್ಡ ಗ್ರಂಥ. ಒಂದು ದಡದಲ್ಲಿ ಲಿಸ್ಬನ್, ಇನ್ನೊಂದರಲ್ಲಿ ವಿಜಯನಗರ. ನಡುವೆ 1510ರಲ್ಲಿ ಪೋರ್ಚುಗೀಸರ ಕೈಸೇರಿದ ಗೋವೆ. ಯೆಹೂದಿ ಹುಡುಗಿ ಬೆಲ್ಲಾಳನ್ನು ಪ್ರೀತಿಸಿದ ಗೇಬ್ರಿಯಲ್ ಹಣ ಗಳಿಸಲೆಂದು ಹಡಗು ಹತ್ತುತ್ತಾನೆ. ಇಲ್ಲಿಯೂ ನಮ್ಮ ಪ್ರಶ್ನೆ ನಡೆಯುತ್ತದೆ. ಅಲ್ಲಿ ಮನೆಯ ಮಸಾಲೆ, ಇಲ್ಲಿ ಸಮುದ್ರ ದಾಟಿಸಿದ ಮೆಣಸು! ಹಂಪಮ್ಮನ ಬಾಳು, ಸಹಗಮನದ ಭಯ, ಇವನ್ನು ಓದುವಾಗ ವಿಜಯನಗರವೆಂದರೆ ಬೀದಿಯಲ್ಲಿ ಮುತ್ತು ರತ್ನ ಅಳೆದ ಕಾಲವೆಂದು ಹೆಮ್ಮೆಪಡುವ ನಮ್ಮಂಥವರಿಗೆ ಮುಜುಗರವಾಗುತ್ತದೆ. ಆಗಬೇಕಾದದ್ದೇ. ಕೆಲವೆಡೆ ಇತಿಹಾಸದ ಮಾಹಿತಿ ಕಥೆಯನ್ನು ತಡೆದು ನಿಲ್ಲಿಸುತ್ತದೆ. ಕ್ರೌರ್ಯದ ವರ್ಣನೆಯೂ ಒಮ್ಮೊಮ್ಮೆ ಹೆಚ್ಚಾಯಿತು. ಆದರೂ ಹಂಪಮ್ಮನ ಭಾಗ ಬಂದಾಗ ಪುಸ್ತಕ ಕೆಳಗಿಡಲಾಗದು.

ಎರಡೂ ಇಂಗ್ಲಿಷಿಗೆ ಹೋಗಿವೆ. ಪರಊರಿನಲ್ಲಿ ಬೆಳೆದು ಕನ್ನಡ ಓದಲು ಬಾರದ ಮಕ್ಕಳು ಅವನ್ನೇ ಹಿಡಿಯಲಿ, ಬೇಡವೆನ್ನುವುದಿಲ್ಲ. ಆದರೆ ಚಿಕ್ಕದಾದ ‘ಘಾಚರ್ ಘೋಚರ್’ ಅನ್ನು ಹಿರಿಯರು ರಾತ್ರಿ ಊಟವಾದ ಮೇಲೆ ಒಂದಿಷ್ಟು ಗಟ್ಟಿಯಾಗಿ ಓದಿ ಹೇಳಿದರೆ ವಾರದೊಳಗೆ ಮುಗಿದೀತು. ನಡುವೆ ಯಾರಾದರೂ ‘ಅಪ್ಪಾ, ನಮ್ಮ ಮನೆಯಲ್ಲಿ?’ ಎಂದು ಕೇಳಿದರೆ ಸಿಟ್ಟಾಗಬೇಡಿರಿ.